ಛಾವಣಿ ಕುಸಿದ ಮೇಲಿನ ಅಮಾನತು ಯಾರಿಗಾಗಿ?

2025ರ ಜುಲೈ 25ರಂದು ರಾಜಸ್ಥಾನದ ಝಾಲಾವಾಡ ಜಿಲ್ಲೆಯ ಪಿಪ್ಲೋದಿ ಗ್ರಾಮದಲ್ಲಿ ಸರಕಾರಿ ಶಾಲೆಯ ಕಟ್ಟಡ ಕುಸಿದು ಏಳು ಮಕ್ಕಳು ಸಾವಿಗೀಡಾದರು. ಆ ಬಳಿಕ ನಡೆದುದೆಲ್ಲ ನಿರೀಕ್ಷಿತವೇ. ಶಿಕ್ಷಕರ ಅಮಾನತು, ಪರಿಹಾರದ ಘೋಷಣೆ, ತನಿಖೆಯ ಆದೇಶ. ಆದರೆ ಛಾವಣಿಯಿಂದ ಚೂರುಗಳು ಉದುರುತ್ತಿರುವುದನ್ನು ಮಕ್ಕಳು ಮೊದಲೇ ಶಿಕ್ಷಕರಿಗೆ ತಿಳಿಸಿದ್ದರೆಂದು ವರದಿಯಾಗಿತ್ತು. ಮಕ್ಕಳಿಗೆ ಕಂಡ ಅಪಾಯ ಹಿರಿಯರಿಗೆ ಕಾಣಲಿಲ್ಲವೇಕೆ? ನಿಜವಾದ ಪ್ರಶ್ನೆ ಇರುವುದು ಇಲ್ಲಿಯೇ.

ಭೂಕಂಪದಂತಹ ವಿಪತ್ತನ್ನು ಹೊರತುಪಡಿಸಿದರೆ ಯಾವ ಕಟ್ಟಡವೂ ಒಂದೇ ದಿನದಲ್ಲಿ ಕುಸಿಯುವುದಿಲ್ಲ. ಛಾವಣಿಯ ಬಿರುಕಿನಿಂದ ಇಳಿದ ನೀರು ಕಾಂಕ್ರೀಟಿನೊಳಗಿನ ಕಬ್ಬಿಣವನ್ನು ಮುಟ್ಟುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ, ತನ್ನನ್ನು ಮುಚ್ಚಿರುವ ಕಾಂಕ್ರೀಟನ್ನು ಹೊರಗೆ ತಳ್ಳುತ್ತದೆ. ಆಗಲೇ ಚೂರುಗಳು ಉದುರುವುದು. ಅದರ ಮೇಲೆ ಸಿಮೆಂಟು ಮೆತ್ತಿ ಸುಣ್ಣ ಬಳಿಯುವುದು ದುರಸ್ತಿಯಲ್ಲ, ರೋಗವನ್ನು ಮುಚ್ಚಿಡುವುದು ಅಷ್ಟೇ.

ಈ ರೋಗದ ಬೀಜ ಬಹುಪಾಲು ಕಟ್ಟುವ ದಿನಗಳಲ್ಲೇ ಬಿದ್ದಿರುತ್ತದೆ. ಕೆಲಸ ಸುಲಭವಾಗಲೆಂದು ಕಾಂಕ್ರೀಟಿಗೆ ಹೆಚ್ಚು ನೀರು ಬೆರೆಸಲಾಗುತ್ತದೆ. ಕಬ್ಬಿಣದ ಸುತ್ತ ಇರಬೇಕಾದಷ್ಟು ಕಾಂಕ್ರೀಟಿನ ಹೊದಿಕೆ ಇರುವುದಿಲ್ಲ. ಸಾಧಾರಣ ಸಿಮೆಂಟಿನ ಕಾಂಕ್ರೀಟನ್ನು ಕನಿಷ್ಠ 7 ದಿನ ನೀರುಣಿಸಿ ತೇವವಾಗಿಡಬೇಕೆಂಬ ನಿಯಮವನ್ನು ಎರಡೇ ದಿನಕ್ಕೆ ಮರೆಯಲಾಗುತ್ತದೆ. ಕರಾವಳಿಯಲ್ಲಿ ಉಪ್ಪಿನಂಶದ ಮರಳು ಬಳಸಿದರೆ ತುಕ್ಕು ಇನ್ನೂ ಬೇಗ ಹಿಡಿಯುತ್ತದೆ. ಬಿಲ್ಲು ಪಾವತಿಯಾದ ಮೇಲೆ ಗುತ್ತಿಗೆದಾರ ತಿರುಗಿ ನೋಡುವುದಿಲ್ಲ. ಛಾವಣಿಯ ನೀರು ಹೋಗುವ ಕೊಳವೆಯಲ್ಲಿ ತರಗೆಲೆ ತುಂಬುತ್ತದೆ, ಗೋಡೆಯ ಮೇಲೆ ಅಶ್ವತ್ಥದ ಸಸಿ ಬೇರಿಳಿಸುತ್ತದೆ. ಕೇಳುವವರಿಲ್ಲ.

ಕಾನೂನಿಗೆ ಕೊರತೆಯಿಲ್ಲ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನಲ್ಲಿ ಶಾಲೆಯೊಂದಕ್ಕೆ ಬೆಂಕಿ ಬಿದ್ದು 94 ಮಕ್ಕಳು ಅಸುನೀಗಿದರು. ಆ ಹಿನ್ನೆಲೆಯಲ್ಲಿ, ಕಟ್ಟಡ ಸುರಕ್ಷಿತವೆಂದು ಖಾತ್ರಿಯಾಗದೆ ಶಾಲೆಗೆ ಮಾನ್ಯತೆ ನೀಡಕೂಡದೆಂದು ಸುಪ್ರೀಂ ಕೋರ್ಟು 2009ರಲ್ಲಿ ನಿರ್ದೇಶಿಸಿತು. ಅದೇ ವರ್ಷದ ಶಿಕ್ಷಣ ಹಕ್ಕು ಕಾಯ್ದೆಯು ಎಲ್ಲ ಹವಾಮಾನಕ್ಕೂ ತಾಳುವ ಕಟ್ಟಡವಿರಬೇಕೆಂದಿತು. ಸರಕಾರಿ ಶಾಲೆಯ ಆಡಳಿತ ಸಮಿತಿಯ ಸದಸ್ಯರಲ್ಲಿ ಕನಿಷ್ಠ ಮುಕ್ಕಾಲು ಪಾಲು ಹೆತ್ತವರು ಅಥವಾ ಪೋಷಕರೇ ಇರಬೇಕೆಂದೂ ವಿಧಿಸಿತು. ನಮ್ಮಲ್ಲಿ ಎಸ್‌ಡಿಎಂಸಿ ಎಂದು ಕರೆಯುವುದು ಈ ಸಮಿತಿಯನ್ನೇ. ಅಂದರೆ ಕೇಳುವ ಅಧಿಕಾರ ನಮ್ಮ ಕೈಯಲ್ಲೇ ಇದೆ. ಆದರೆ ನಮ್ಮಲ್ಲಿ ಎಷ್ಟು ಮಂದಿ ಅದರ ಸಭೆಗೆ ಹೋಗುತ್ತೇವೆ?

ಸಮುದಾಯವೇ ನಡೆಸುವ ಶಾಲೆಗಳೂ ಇದಕ್ಕೆ ಹೊರತಲ್ಲ. ದೇಣಿಗೆ ಬಂದಷ್ಟು ಕಟ್ಟುತ್ತಾ, ಒಂದೇ ಅಂತಸ್ತಿಗೆ ಹಾಕಿದ ಅಡಿಪಾಯದ ಮೇಲೆ ಮತ್ತೊಂದನ್ನು ಏರಿಸುವಾಗ ಇಂಜಿನಿಯರರ ಸಲಹೆಯನ್ನು ದುಂದುವೆಚ್ಚವೆಂದು ಭಾವಿಸುವುದು ಆತ್ಮವಂಚನೆ. ಉದ್ಘಾಟನೆಯ ಶಾಮಿಯಾನಕ್ಕೆ ಹಣ ಹೊಂದಿಸುವವರಿಗೆ ಪರಿಶೀಲನೆಯ ವೆಚ್ಚ ಭಾರವಾಗಲಾರದು.

ಮಾಡಬೇಕಾದುದು ಇಷ್ಟೇ. ಕಾಮಗಾರಿ ನಡೆಯುವಾಗ ಹೆತ್ತವರು ಸ್ಥಳದಲ್ಲಿದ್ದು ನೋಡಲಿ. ಪ್ರತಿ ವರ್ಷ ಮಳೆಗಾಲಕ್ಕೆ ಮುನ್ನ, ಮೇ ತಿಂಗಳಲ್ಲೇ, ಇಂಜಿನಿಯರರಿಂದ ಕಟ್ಟಡದ ತಪಾಸಣೆಯಾಗಲಿ. ಛಾವಣಿಯ ಕೊಳವೆಗಳನ್ನು ಶುಚಿಗೊಳಿಸಲಿ. ಬಿರುಕು ಕಂಡರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಬಾಯಿಮಾತಿನಲ್ಲಿ ಹೇಳದೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಲಿ. ಛಾವಣಿ ಉದುರುವ ಕೋಣೆಗೆ ಅಂದೇ ಬೀಗ ಬೀಳಲಿ. ಪಾಠ ಮರದಡಿಯಲ್ಲಿ ನಡೆದರೂ ಚಿಂತೆಯಿಲ್ಲ.

ಅಮಾನತಾದ ಶಿಕ್ಷಕರು ಮತ್ತೆ ಕೆಲಸಕ್ಕೆ ಮರಳಬಹುದು. ಆ ಏಳು ಮಕ್ಕಳು ಮನೆಗೆ ಮರಳಲಾರರು.