ವೀಡಿಯೋ ಎಡಿಟಿಂಗ್ ತಂತ್ರಾಂಶ: ಆಟಿ ತಿಂಗಳಲ್ಲೂ ಬಾಡಿಗೆ ತೆರಬೇಕೇ?

ಕಾಸರಗೋಡು: ಮದುವೆ, ಗೃಹಪ್ರವೇಶ, ಬ್ರಹ್ಮಕಲಶ, ಯಕ್ಷಗಾನ ಬಯಲಾಟ ಯಾವುದೇ ಇರಲಿ, ಈಗ ವೀಡಿಯೋ ಇಲ್ಲದೆ ಕಾರ್ಯಕ್ರಮ ಮುಗಿಯುವುದಿಲ್ಲ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯದಂತಹ ಪೇಟೆಗಳ ಸಣ್ಣ ಸ್ಟುಡಿಯೋಗಳಿಗೆ ಅನ್ನ ಕೊಡುವುದು ಇದೇ ಕೆಲಸ. ಆದರೆ ಚಿತ್ರೀಕರಿಸಿದ್ದನ್ನು ಕತ್ತರಿಸಿ ಜೋಡಿಸುವ ತಂತ್ರಾಂಶದ ಬೆಲೆಯ ಲೆಕ್ಕವೇ ಈಗ ಬದಲಾಗಿದೆ.

ಹಿಂದೆ ತಂತ್ರಾಂಶವನ್ನು ಒಮ್ಮೆ ಖರೀದಿಸಿದರೆ ಅದು ಖರೀದಿಸಿದವನದ್ದು. 2013ರಲ್ಲಿ ಅಡೋಬಿ ಸಂಸ್ಥೆ ಇನ್ನು ಮುಂದಿನ ಆವೃತ್ತಿಗಳು ಚಂದಾ ಪದ್ಧತಿಯಲ್ಲಿ ಮಾತ್ರ ಲಭ್ಯ ಎಂದು ಘೋಷಿಸಿತು. ಆ ಸಂಸ್ಥೆಯ ಪ್ರೀಮಿಯರ್ ಪ್ರೊ ಬಳಸುವವರು ಅಂದಿನಿಂದ ಮನೆ ಬಾಡಿಗೆಯಂತೆ ತಿಂಗಳು ತಿಂಗಳು ಹಣ ಕಟ್ಟಬೇಕಾಗಿದೆ. ಕಟ್ಟುವುದು ನಿಂತರೆ ತಂತ್ರಾಂಶವೂ ನಿಲ್ಲುತ್ತದೆ.

ಗಡಿನಾಡಿನ ಸ್ಟುಡಿಯೋದವರಿಗೆ ಇಲ್ಲೇ ತೊಡಕು. ಅವರ ಸಂಪಾದನೆ ಹಂಗಾಮಿನದ್ದು. ದೀಪಾವಳಿ ಕಳೆದ ಮೇಲೆ ಚುರುಕಾಗುವ ಕೆಲಸ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚುವಾಗ ಇಳಿಮುಖವಾಗುತ್ತದೆ. ಆಟಿಯಲ್ಲಿ ಶುಭಕಾರ್ಯವೇ ಇಲ್ಲ. ಚಂದಾ ಮಾತ್ರ ಹನ್ನೆರಡು ತಿಂಗಳೂ ಓಡುತ್ತದೆ.

ಲೆಕ್ಕಕ್ಕಾಗಿ ಒಂದು ಉದಾಹರಣೆ. ವಾರ್ಷಿಕ ಒಪ್ಪಂದದಲ್ಲಿ ತಿಂಗಳಿಗೆ 1,000 ರೂ. ಎಂದಿಟ್ಟುಕೊಳ್ಳೋಣ. ಇದರ ಮೇಲೆ ಶೇ. 18 ಜಿಎಸ್‌ಟಿ ಸೇರಿದರೆ 1,180 ರೂ.; ವರ್ಷಕ್ಕೆ 14,160 ರೂ.; ಐದು ವರ್ಷಕ್ಕೆ 70,800 ರೂ. ಜಿಎಸ್‌ಟಿ ನೋಂದಣಿ ಇರುವವರು ತೆರಿಗೆಯನ್ನು ತಮ್ಮ ಲೆಕ್ಕದಲ್ಲಿ ವಜಾ ಮಾಡಿಕೊಳ್ಳಬಹುದು. ವಾರ್ಷಿಕ ವಹಿವಾಟು 20 ಲಕ್ಷ ರೂ. ಮೀರದೆ, ನೋಂದಣಿ ಮಾಡಿಸದ ಸಣ್ಣ ಸ್ಟುಡಿಯೋಗಳಿಗೆ ಆ ಅನುಕೂಲವಿಲ್ಲ. ಆದುದರಿಂದ ದರಪಟ್ಟಿ ನೋಡುವಾಗ ತೆರಿಗೆ ಸೇರಿದೆಯೇ ಎಂಬುದನ್ನು ಮೊದಲು ವಿಚಾರಿಸಬೇಕು.

ಬೇಕಾದ ತಿಂಗಳಿಗೆ ಮಾತ್ರ ಚಂದಾ ಕಟ್ಟುವ ವ್ಯವಸ್ಥೆಯೂ ಇದೆ, ಅದರ ದರ ಹೆಚ್ಚು. ಅದನ್ನು 1,500 ರೂ. ಎಂದು ಹಿಡಿದರೆ ತೆರಿಗೆ ಸೇರಿ 1,770 ರೂ. ಆಗ 8 ತಿಂಗಳಿಗೆ ಎರಡೂ ಸಮ. ಅದಕ್ಕಿಂತ ಕಡಿಮೆ ತಿಂಗಳು ಕೆಲಸವಿರುವವರಿಗೆ, ದುಬಾರಿಯಾಗಿ ಕಾಣುವ ಈ ಮಾಸಿಕ ದರವೇ ವಾಸ್ತವವಾಗಿ ಅಗ್ಗ.

ವಾರ್ಷಿಕ ಒಪ್ಪಂದದ ಕಂತನ್ನು ಮಾಸಿಕ ಚಂದಾ ಎಂದು ತಪ್ಪಾಗಿ ತಿಳಿಯುವುದು ಸುಲಭ. ನಡುವೆ ಬಿಟ್ಟರೆ ಉಳಿದ ಕಂತುಗಳ ಅರ್ಧದಷ್ಟು ಶುಲ್ಕ ತೆರಬೇಕಾಗಿ ಬರುತ್ತದೆ. ಈ ಶುಲ್ಕದ ವಿಷಯವನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸದೆ ಮರೆಮಾಚಲಾಗಿದೆ ಎಂಬ ಆರೋಪದ ಮೇಲೆಯೇ ಅಮೆರಿಕ ಸರಕಾರ 2024ರ ಜೂನ್‌ನಲ್ಲಿ ಅಡೋಬಿ ವಿರುದ್ಧ ಮೊಕದ್ದಮೆ ಹೂಡಿತ್ತು. ನಮ್ಮಲ್ಲಿ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಖಾತೆಯಿಂದ ತಾನಾಗಿ ಕಂತು ಕಡಿತವಾಗುವ 24 ಗಂಟೆ ಮುಂಚೆ ಬ್ಯಾಂಕಿನ ಸಂದೇಶ ಬರಬೇಕು. ಅದನ್ನು ಓದದೆ ಅಳಿಸುವುದು ನಷ್ಟಕ್ಕೆ ದಾರಿ.

ಚಂದಾ ಬೇಡವೆನ್ನುವವರಿಗೂ ದಾರಿಗಳಿವೆ. ಡಾವಿಂಚಿ ರಿಸಾಲ್ವ್ ತಂತ್ರಾಂಶದ ಉಚಿತ ಆವೃತ್ತಿಗೆ ಕಾಲಮಿತಿಯಿಲ್ಲ, ವೀಡಿಯೋ ಮೇಲೆ ಕಂಪೆನಿಯ ಮುದ್ರೆಯೂ ಬೀಳುವುದಿಲ್ಲ. ಇದರ ಸ್ಟುಡಿಯೋ ಆವೃತ್ತಿಗೆ ಒಮ್ಮೆ 295 ಡಾಲರ್ ಕೊಟ್ಟರಾಯಿತು. ಡಾಲರ್‌ಗೆ 90 ರೂ. ಎಂದು ಹಿಡಿದರೆ ತೆರಿಗೆ ಸೇರಿ ಸುಮಾರು 31,300 ರೂ., ಅಂದರೆ ಮೇಲಿನ ಉದಾಹರಣೆಯ 27 ತಿಂಗಳ ಚಂದಾ. ಆದರೆ ಇದು ಬಲವಾದ ಕಂಪ್ಯೂಟರ್ ಬೇಡುತ್ತದೆ. ಹಳೆಯ ಯಂತ್ರವಿದ್ದರೆ ಗ್ರಾಫಿಕ್ಸ್ ಕಾರ್ಡಿನ ಖರ್ಚನ್ನೂ ಬೆಲೆಗೆ ಸೇರಿಸಿಯೇ ನೋಡಬೇಕು. ಕೆಡೆನ್‌ಲೈವ್, ಶಾಟ್‌ಕಟ್‌ಗಳು ಸ್ವತಂತ್ರ ತಂತ್ರಾಂಶಗಳು, ಸಂಪೂರ್ಣ ಉಚಿತ. ಸಾಧಾರಣ ಯಂತ್ರದಲ್ಲೂ ಸಣ್ಣಪುಟ್ಟ ಕೆಲಸ ಮಾಡುತ್ತವೆ. ಕೇರಳದ ಶಾಲೆಗಳಲ್ಲಿ 2018ರಲ್ಲಿ ಆರಂಭವಾದ ಲಿಟಲ್ ಕೈಟ್ಸ್ ಘಟಕಗಳ ಮಕ್ಕಳು ಕಲಿಯುವುದು ಸ್ವತಂತ್ರ ತಂತ್ರಾಂಶಗಳಲ್ಲೇ. ಅಪ್ಪ ಹಣ ಕಟ್ಟಿ ಮಾಡುವ ಕೆಲಸವನ್ನು ಮಗಳು ಹಣವಿಲ್ಲದೆ ಮಾಡಿ ತೋರಿಸಬಹುದು.

ಇನ್ನು ಪೇಟೆಯಲ್ಲಿ ಕೈಯಿಂದ ಕೈಗೆ ದಾಟುವ ‘ಕ್ರ್ಯಾಕ್’ ಪ್ರತಿ. ಅದು ಅಗ್ಗವಲ್ಲ, ಸಾಲ. 1957ರ ಕೃತಿಸ್ವಾಮ್ಯ ಕಾಯಿದೆಯ 63ಬಿ ಕಲಂ ಪ್ರಕಾರ ತಿಳಿದೂ ಕಳ್ಳಪ್ರತಿ ಬಳಸಿದವರಿಗೆ 7 ದಿನಗಳಿಂದ 3 ವರ್ಷಗಳವರೆಗೆ ಸೆರೆ, 50 ಸಾವಿರದಿಂದ 2 ಲಕ್ಷ ರೂ.ವರೆಗೆ ದಂಡವಿದೆ. ವ್ಯಾಪಾರಕ್ಕೆ ಬಳಸದವರಿಗಷ್ಟೇ ಸೆರೆಯಿಂದ ವಿನಾಯಿತಿ ಸಿಗಬಹುದು. ಸ್ಟುಡಿಯೋದವರಿಗೆ ಅದು ಅನ್ವಯಿಸದು. ಅಂತಹ ಪ್ರತಿಯೊಡನೆ ಬಂದ ವೈರಸ್ ಯಾರದೋ ಮದುವೆಯ ಚಿತ್ರಗಳನ್ನು ನುಂಗಿದರೆ, ಆ ಮುಹೂರ್ತವನ್ನು ಇನ್ನೊಮ್ಮೆ ಚಿತ್ರೀಕರಿಸಲಾಗದು.

ಹಣ ಕೊಡುವ ಮೊದಲು ಪ್ರಾಯೋಗಿಕ ಅವಧಿಯಲ್ಲಿ ಎರಡು ಹೆಸರು ಟೈಪ್ ಮಾಡಿ ನೋಡುವುದು ಒಳಿತು: ಕನ್ನಡದಲ್ಲಿ ಒಂದು, ಮಲಯಾಳದಲ್ಲಿ ಒಂದು. ಒತ್ತಕ್ಷರ ಒಡೆದು ಬೀಳುವ ತಂತ್ರಾಂಶ ಎಷ್ಟು ಅಗ್ಗವಾದರೂ ಇಲ್ಲಿನ ಮದುವೆಮನೆಗೆ ಉಪಯೋಗವಿಲ್ಲ. ಮೊದಲು ಉಚಿತ, ಸಾಲದಿದ್ದರೆ ಒಮ್ಮೆ ಖರೀದಿ, ಅನಿವಾರ್ಯವಾದರೆ ಹಂಗಾಮಿಗಷ್ಟೇ ಚಂದಾ. ಸಣ್ಣ ಸ್ಟುಡಿಯೋಗಳಿಗೆ ಒಳ್ಳೆಯ ಬೆಲೆ ಸಿಗುವುದು ಈ ಕ್ರಮದಲ್ಲೇ.