ಪಥ್ಯದ ಯಜಮಾನಿಕೆ

ಇತ್ತೀಚೆಗೆ ನಮ್ಮ ಸದಾಶಿವಗಡದ ಮನೆಗಳಲ್ಲಿ ಹೊಸದೊಂದು ಯಜಮಾನಿಕೆ ತಲೆಯೆತ್ತಿದೆ. ಮನೆಯ ಗಂಡಸರೊಬ್ಬರ ರಕ್ತಪರೀಕ್ಷೆಯ ವರದಿ ಕೈಸೇರಿದ ಮರುದಿನವೇ ಇಡೀ ಕುಟುಂಬದ ಅಡುಗೆಗೆ ಆಜ್ಞೆ ಹೊರಡುತ್ತದೆ: ನಾಳೆಯಿಂದ ಕುಚ್ಚಲಕ್ಕಿ ಗಂಜಿ ಇಲ್ಲ, ಕಾಯಿ ಅರೆದ ಪದಾರ್ಥ ಇಲ್ಲ, ಹುರಿದ ಬಂಗಡೆಯಂತೂ ಇಲ್ಲವೇ ಇಲ್ಲ, ಎಲ್ಲರಿಗೂ ನವಣೆ ಅನ್ನ, ಬೇಯಿಸಿದ ತರಕಾರಿ. ಆಜ್ಞೆ ಹೊರಡಿಸಿದವರು ಪತ್ರಿಕೆ ಹಿಡಿದು ಜಗಲಿಯಲ್ಲಿ ಕೂಡುತ್ತಾರೆ. ಒಲೆಯ ಮುಂದೆ ನಿಲ್ಲುವವರು ಬೇರೆ. ಈ ಬರಹ ಆ ಆಜ್ಞೆಯ ವಿರುದ್ಧ. ಬಂಧುಗಳಲ್ಲಿ ಯಾರಿಗಾದರೂ ಇದು ತಮ್ಮನ್ನೇ ಕುರಿತದ್ದೆಂದು ಅನಿಸಿದರೆ ಅವರ ಊಹೆ ಸರಿಯಾಗಿಯೇ ಇದೆ.

ರೋಗ ಸುಳ್ಳಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆ, ದೇಶದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜಿಸಿತು. ರಾಜ್ಯಗಳ ಪೈಕಿ ಅತಿ ಹೆಚ್ಚಿನ ಪ್ರಮಾಣ, ನೂರಕ್ಕೆ 26.4, ಕಂಡುಬಂದದ್ದು ಮಾಜಾಳಿಯಾಚೆಗಿನ ಗೋವೆಯಲ್ಲಿ. ಅಲ್ಲಿಯ ಊಟಕ್ಕೂ ನಮ್ಮ ಊಟಕ್ಕೂ ಅಂತರ ಎಷ್ಟು? ಆದ್ದರಿಂದ ಪಥ್ಯ ಬೇಕು. ನನ್ನ ತಕರಾರು ಪಥ್ಯದ ಮೇಲಲ್ಲ. ಒಬ್ಬರ ಪಥ್ಯವನ್ನು ಮನೆಮಂದಿಯ ಮೇಲೆಲ್ಲ ಹೇರುವುದರ ಮೇಲೆ.

ಕಳೆದ ಮಳೆಗಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದಿದ್ದಳು. "ಅಕ್ಕೋರೆ, ನಮ್ಮನೇಲಿ ಊಟ ಅಂದ್ರೆ ಈಗ ಮೂರು ಪಾತ್ರೆ, ಮೂರು ಮುನಿಸು" ಎಂದಳು. ಗಂಡನಿಗೆ ನವಣೆ. ಅದನ್ನು ಮುಟ್ಟದ ಮಕ್ಕಳಿಗೆ ಗಂಡನ ಕಣ್ಣು ತಪ್ಪಿಸಿ ಅನ್ನ, ಮೊಟ್ಟೆ. ಎಂಬತ್ತು ದಾಟಿದ ಅತ್ತೆಗೆ ಮತ್ತೊಂದು. ಆ ಹಿರಿಯರು ಮೊದಲೇ ಸೊರಗಿದ ಜೀವ. ಗಂಜಿಯೂ ಚಟ್ನಿಯೂ ತಪ್ಪಿದ ಮೇಲೆ ಎರಡು ತುತ್ತಿಗೇ ತಟ್ಟೆ ಸರಿಸುತ್ತಿದ್ದರಂತೆ. ಅದಕ್ಕಿಂತ ಭಯದ ಸಂಗತಿ ಉಪ್ಪಿನದು. ಗಂಡ ತನ್ನ ರಕ್ತದೊತ್ತಡಕ್ಕೆಂದು ಸೋಡಿಯಂ ಕಡಿಮೆಯಿರುವ ಉಪ್ಪು ತಂದು ಎಲ್ಲರ ಸಾರಿಗೂ ಅದನ್ನೇ ಹಾಕಿಸುತ್ತಿದ್ದ. ಅತ್ತೆಯ ಮೂತ್ರಪಿಂಡ ದುರ್ಬಲವಾದದ್ದು. ಆ ಬಗೆಯ ಉಪ್ಪಿನಲ್ಲಿ ಸೋಡಿಯಂ ಬದಲಿಗೆ ಪೊಟ್ಯಾಸಿಯಂ ಇರುತ್ತದೆ. ಅದನ್ನು ಹೊರಹಾಕಲಾರದ ಮೂತ್ರಪಿಂಡದವರಲ್ಲಿ ಪೊಟ್ಯಾಸಿಯಂ ರಕ್ತದಲ್ಲಿ ಏರಿ ಹೃದಯದ ಬಡಿತವನ್ನೇ ಕೆಡಿಸಬಲ್ಲುದು. ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ಈ ಉಪ್ಪನ್ನು ಶಿಫಾರಸು ಮಾಡಿದಾಗ ಮೂತ್ರಪಿಂಡದ ತೊಂದರೆಯವರನ್ನೂ ಗರ್ಭಿಣಿಯರನ್ನೂ ಮಕ್ಕಳನ್ನೂ ಹೊರಗಿಟ್ಟೇ ಹೇಳಿತು. ವೈದ್ಯರು ಕೇಳಿದ್ದರಿಂದ ವಿಷಯ ಬೆಳಕಿಗೆ ಬಂತು, ಕೇಳದಿದ್ದರೆ? ಮಗನ ಔಷಧ ತಾಯಿಗೆ ವಿಷವಾಗುವ ಮನೆಯಲ್ಲಿ 'ಎಲ್ಲರ ಒಳ್ಳೆಯದಕ್ಕೇ ಮಾಡಿದೆ' ಎಂಬ ಮಾತಿಗೆ ಏನು ಬೆಲೆ?

ಇನ್ನು ಕುಚ್ಚಲಕ್ಕಿಯ ಮೇಲಿನ ದ್ವೇಷ. ಹಾಲೆಂಡಿನ ವೈದ್ಯ ಐಕ್ಮನ್ ಜಾವಾದಲ್ಲಿ ಪಾಲಿಶ್ ಅಕ್ಕಿ ತಿಂದ ಕೋಳಿಗಳ ಕಾಲು ಸೋತದ್ದನ್ನು ಕಂಡ ಕಥೆಯನ್ನು ನನ್ನ ತರಗತಿಯಲ್ಲಿ ಕೇಳದವರಿಲ್ಲ. ಬೆರಿಬೆರಿಯ ಮೂಲ ತೋರಿದ ಆ ಕೆಲಸಕ್ಕೆ 1929ರಲ್ಲಿ ನೊಬೆಲ್ ಬಂತು. ಭತ್ತವನ್ನು ಕುಚ್ಚುವಾಗ ಹೊರಪದರದ ಬಿ1 ಜೀವಸತ್ವ ಕಾಳಿನೊಳಗೆ ಇಳಿಯುತ್ತದೆ. ಮಿಲ್ಲಿಗೆ ಹೋದರೂ ಬಹುಪಾಲು ಉಳಿಯುತ್ತದೆ. 2023ರ ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷದ ಗದ್ದಲದಲ್ಲಿ ನಮ್ಮ ಅಜ್ಜಿಯರ ಈ ಜಾಣ್ಮೆಯನ್ನು ಕಸದ ಬುಟ್ಟಿಗೆ ಎಸೆದವರು ನನ್ನ ವಿದ್ಯಾರ್ಥಿಗಳಲ್ಲಿಯೂ ಇದ್ದಾರೆ. ನಾಚಣೆ ಅಂಬಲಿಯನ್ನು ಬಡವರದೆಂದು ಮೂಗು ಮುರಿದವರೇ ಇಂದು ಅದರ ಹಿಟ್ಟನ್ನು ದುಬಾರಿ ಪೊಟ್ಟಣದಲ್ಲಿ ತರುತ್ತಾರೆ!

ತಪ್ಪು ಅಕ್ಕಿಯದಲ್ಲ, ಸೌಟಿನದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯಲ್ಲಿ 2000 ಕ್ಯಾಲರಿಯ ದಿನಕ್ಕೆ ಧಾನ್ಯ 250 ಗ್ರಾಂ, ತರಕಾರಿ 400 ಗ್ರಾಂ. ನಮ್ಮ ಬಟ್ಟಲಲ್ಲಿ ಈ ಲೆಕ್ಕ ತಿರುಗುಮುರುಗಾಗಿದೆ. ಅದನ್ನು ಸರಿಪಡಿಸಲು ಪ್ರತ್ಯೇಕ ಅಡುಗೆ ಬೇಕಿಲ್ಲ. ನನಗೂ ರಕ್ತದೊತ್ತಡವಿದೆ, ನಮ್ಮವರಿಗೆ ಒಣಮೀನಿಲ್ಲದೆ ಗಂಜಿ ಇಳಿಯದು. ನಮ್ಮಲ್ಲಿ ಪಾತ್ರೆ ಒಂದೇ. ವಯಸ್ಕರಿಗೆ ದಿನಕ್ಕೆ 5 ಗ್ರಾಂ ಉಪ್ಪು ಮೀರಬಾರದೆಂಬ ಮಾತು ಆರೋಗ್ಯವಂತರಿಗೂ ಹಿತವಾದ್ದರಿಂದ ಸಾರಿಗೆ ಎಲ್ಲರ ಪರವಾಗಿ ಉಪ್ಪು ಕಡಿಮೆ. ಆ ಕೊರತೆಯನ್ನು ಹುಳಿಯೂ ತಿರಫಳವೂ ತುಂಬುತ್ತವೆ. ಹಾಲಕ್ಕಿ ಹೆಂಗಸರು ಮಾರುವ ಹರಿವೆ, ಬಸಳೆ ದಿನವೂ ಇರುತ್ತದೆ. ನನ್ನ ತಟ್ಟೆಯ ಅರ್ಧ ಅದೇ. ಒಣಮೀನು ಅವರ ತಟ್ಟೆಯಲ್ಲಿ. ಅದನ್ನು ಸುಟ್ಟುಕೊಳ್ಳುವವರೂ ಅವರೇ. ನಾನು ಅತ್ತ ನೋಡುವುದಿಲ್ಲ, ಅವರು ಉಪದೇಶ ಕೇಳುವುದಿಲ್ಲ.

ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಅದಕ್ಕಾಗಿ ಕೊಟ್ಟದ್ದು ಸರಾಸರಿ 289 ನಿಮಿಷ, ಗಂಡಸರು 88 ನಿಮಿಷ. ಪಥ್ಯದ ಯಜಮಾನರು ತಮ್ಮ ಸಂಕಲ್ಪದಿಂದ ಆ 289ಕ್ಕೆ ಎಷ್ಟು ಸೇರಿಸಿದರೆಂದು ಗಡಿಯಾರ ನೋಡಿ ಬರೆದಿಡಲಿ. 'ನಮಗೆ ಅಡುಗೆ ಬಾರದು' ಎನ್ನುತ್ತಾರೆ. ಅರವತ್ತರಲ್ಲಿ ಮೊಬೈಲಿನಿಂದ ಹಣ ಕಳಿಸಲು ಕಲಿತವರಿಗೆ ನವಣೆ ಬೇಯಿಸಲು ಬಾರದೆ? ಅರ್ಧ ಗಂಟೆ ನೆನೆಸಿ, ಒಂದು ಲೋಟಕ್ಕೆ ಎರಡು ಲೋಟ ನೀರು, ಸಣ್ಣ ಉರಿ. ಬೇಕಾದವರು ನಮ್ಮ ಮನೆಗೆ ಬರಲಿ, ತೋರಿಸಿಕೊಡುತ್ತೇನೆ. ತಳ ಹಿಡಿದ ಪಾತ್ರೆ ಉಜ್ಜುವುದನ್ನೂ.