ಕಡಲತೀರ ನಿಜಕ್ಕೂ ಕರಗುತ್ತಿದೆಯೇ? ಉತ್ತರ ಹುಡುಕಲು ಡ್ರೋನ್ ಹಾರಿಸುತ್ತಿರುವ ಊರವರು

ಮಳೆಗಾಲ ಶುರುವಾಗಿ ಹದಿನೈದು ದಿನ ಆಗುವಷ್ಟರಲ್ಲಿ ವಾಟ್ಸ್‌ಆ್ಯಪ್‌ಗೆ ಒಂದು ಬಗೆಯ ಫಾರ್ವರ್ಡ್ ಬರತೊಡಗುತ್ತದೆ. ಅಕ್ಕಪಕ್ಕ ಎರಡು ಫೋಟೊ. ಒಂದರಲ್ಲಿ ಅಗಲವಾದ ಮರಳ ದಂಡೆ, ಇನ್ನೊಂದರಲ್ಲಿ ತೆಂಗಿನ ಮರದ ಬುಡಕ್ಕೇ ಅಪ್ಪಳಿಸುವ ಅಲೆ. ಕೆಳಗೆ ‘ಇನ್ನು ಐದು ವರ್ಷದಲ್ಲಿ ಈ ಊರೇ ಇರುವುದಿಲ್ಲ, ಎಲ್ಲರಿಗೂ ಕಳಿಸಿ’ ಎಂಬ ಸಾಲು.

ಎರಡೂ ಫೋಟೊ ಅಸಲಿಯೇ ಇರಬಹುದು. ಆದರೆ ಮೊದಲನೆಯದನ್ನು ಫೆಬ್ರವರಿಯಲ್ಲಿ, ಎರಡನೆಯದನ್ನು ಜುಲೈಯಲ್ಲಿ ತೆಗೆದಿದ್ದರೆ ಆ ಹೋಲಿಕೆಯಿಂದ ಏನೂ ಸಾಬೀತಾಗುವುದಿಲ್ಲ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಮುಂಗಾರಿನ ದೊಡ್ಡ ಅಲೆಗಳು ದಂಡೆಯ ಮರಳನ್ನು ಎಳೆದುಕೊಂಡು ಹೋಗಿ ಸ್ವಲ್ಪ ದೂರದಲ್ಲಿ ನೀರಿನಡಿ ದಿಬ್ಬವಾಗಿ ಪೇರಿಸುತ್ತವೆ. ಮಳೆ ನಿಂತ ಮೇಲೆ ಸಣ್ಣ ಅಲೆಗಳು ಅದೇ ಮರಳನ್ನು ನಿಧಾನವಾಗಿ ವಾಪಸ್ ತಂದು ಹಾಕುತ್ತವೆ. ಪ್ರತಿ ವರ್ಷ ನಡೆಯುವ ವ್ಯವಹಾರ ಇದು. ಕಡಲ ಪಕ್ಕದಲ್ಲೇ ಹುಟ್ಟಿ ಬೆಳೆದವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಹಾಗಂತ ಕಡಲ್ಕೊರೆತವೇ ಸುಳ್ಳು ಅನ್ನುವುದೂ ತಪ್ಪು. ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಹೋಲಿಸಿ ನೋಡಿದಾಗ ದೇಶದ ಕರಾವಳಿಯ ಸುಮಾರು ಮೂರನೇ ಒಂದು ಭಾಗ ಕೊರೆತಕ್ಕೆ ಸಿಕ್ಕಿತ್ತು. ಕರ್ನಾಟಕದಲ್ಲಿ ಅದರ ಪ್ರಮಾಣ ಶೇ. 24ರ ಆಸುಪಾಸು. ಈ ಅಂಕಿಯ ಇನ್ನೊಂದು ಮುಖ ಫಾರ್ವರ್ಡ್‌ಗಳಲ್ಲಿ ಬರುವುದೇ ಇಲ್ಲ: ದೇಶದ ಕರಾವಳಿಯ ಶೇ. 27ರಷ್ಟು ಭಾಗದಲ್ಲಿ ಮರಳು ಹೆಚ್ಚಾಗಿದೆ, ಉಳಿದದ್ದು ಹೆಚ್ಚುಕಡಿಮೆ ಇದ್ದಲ್ಲೇ ಇದೆ.

ಅಂದರೆ ಪ್ರಶ್ನೆ ‘ಮರಳು ಹೋಯಿತೇ’ ಎಂಬುದಲ್ಲ, ‘ಹೋದದ್ದು ವಾಪಸ್ ಬಂತೇ’ ಎಂಬುದು. ಇದಕ್ಕೆ ಉತ್ತರ ಬೇಕಾದರೆ ಒಂದೇ ಜಾಗವನ್ನು ಮತ್ತೆ ಮತ್ತೆ, ವರ್ಷಗಟ್ಟಲೆ ಅಳೆಯಬೇಕು. ಜಗತ್ತಿನಲ್ಲಿ ಹಾಗೆ ಅಳತೆಯಾದ ತೀರಗಳು ಬೆರಳೆಣಿಕೆಯಷ್ಟು. ಸಿಡ್ನಿಯ ನ್ಯಾರಬೀನ್ ಅಂಥದ್ದೊಂದು, ಅಲ್ಲಿ 1976ರಿಂದ ಲೆಕ್ಕ ಇಡಲಾಗಿದೆ. ಉಳಿದ ಕಡೆ ಪ್ರತಿ ತಿಂಗಳೂ ಸರ್ವೇಯರ್‌ಗಳನ್ನು ಕಳಿಸುವಷ್ಟು ದುಡ್ಡು ಯಾವ ಸರ್ಕಾರದ ಬಳಿಯೂ ಇರುವುದಿಲ್ಲ.

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ ಇದಕ್ಕೆ ಕಂಡುಕೊಂಡ ದಾರಿ ಊರಿನವರ ಕೈಗೇ ಡ್ರೋನ್ ಕೊಡುವುದು. ಅಲ್ಲಿನ ಕರಾವಳಿ ನಿಗಾ ಯೋಜನೆಯಲ್ಲಿ ಡೀಕಿನ್ ಮತ್ತು ಮೆಲ್ಬರ್ನ್ ವಿಶ್ವವಿದ್ಯಾಲಯಗಳು ಸ್ವಯಂಸೇವಕರಿಗೆ ತರಬೇತಿ ಕೊಟ್ಟವು. ಅವರು ಕೆಲವು ವಾರಗಳಿಗೊಮ್ಮೆ ತಮ್ಮೂರಿನ ತೀರದ ಮೇಲೆ ಡ್ರೋನ್ ಹಾರಿಸುತ್ತಾರೆ. ಹಾರುವ ದಾರಿಯನ್ನು ಮೊದಲೇ ಆ್ಯಪ್‌ನಲ್ಲಿ ಗುರುತು ಹಾಕಿರುತ್ತಾರೆ, ಹಾಗಾಗಿ ಪ್ರತಿ ಸಲವೂ ಡ್ರೋನ್ ಅದೇ ಗೆರೆಯಲ್ಲಿ ಸಾಗಿ ನೂರಾರು ಫೋಟೊ ತೆಗೆಯುತ್ತದೆ.

ಫೋಟೊದಿಂದ ಮರಳಿನ ಎತ್ತರ ಹೇಗೆ ಗೊತ್ತಾಗುತ್ತದೆ? ಒಂದು ಕಣ್ಣು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸಲು ಹೋಗಿ ನೋಡಿ. ಎರಡು ಕಣ್ಣು ಎರಡು ಕೋನದಿಂದ ನೋಡುವುದರಿಂದಲೇ ನಮಗೆ ದೂರದ ಅಂದಾಜು ಸಿಗುವುದು. ಡ್ರೋನ್ ಕೂಡ ಅದೇ ಜಾಗವನ್ನು ಬೇರೆ ಬೇರೆ ಕೋನದಿಂದ, ಒಂದರ ಮೇಲೊಂದು ಹಾಯುವಂತೆ ಸೆರೆಹಿಡಿಯುತ್ತದೆ. ಕಂಪ್ಯೂಟರ್ ಅವನ್ನೆಲ್ಲ ಹೊಂದಿಸಿ ತೀರದ ಮೂರು ಆಯಾಮದ ನಕ್ಷೆ ಮಾಡುತ್ತದೆ. ಎರಡು ತಿಂಗಳ ನಕ್ಷೆಗಳನ್ನು ಒಂದರಿಂದ ಇನ್ನೊಂದನ್ನು ಕಳೆದರೆ ಎಷ್ಟು ಮರಳು ಹೋಯಿತು, ಎಲ್ಲಿ ಬಂದು ಕೂತಿತು ಎಂದು ಕಾಣುತ್ತದೆ.

ಇಲ್ಲೊಂದು ಸೂಕ್ಷ್ಮ ಇದೆ. ಒಂದು ಕಿಲೋಮೀಟರ್ ಉದ್ದ, 50 ಮೀಟರ್ ಅಗಲದ ದಂಡೆಯಲ್ಲಿ ಬರೀ 10 ಸೆಂಟಿಮೀಟರ್ ಮರಳು ಇಳಿದರೆ 5,000 ಘನ ಮೀಟರ್ ಹೋಯಿತು ಎಂದರ್ಥ. ಹತ್ತು ಘನ ಮೀಟರ್ ಹಿಡಿಯುವ ಟಿಪ್ಪರ್ ಲೆಕ್ಕದಲ್ಲಿ ಐನೂರು ಲೋಡ್. ಅಳತೆಯಲ್ಲೇ 10 ಸೆಂಟಿಮೀಟರ್ ತಪ್ಪಾದರೆ? ಹೋಗದೇ ಇದ್ದ ಐನೂರು ಲೋಡ್ ಮರಳು ಕಾಗದದ ಮೇಲೆ ಮಾಯವಾಗುತ್ತದೆ! ಮಾಮೂಲಿ ಡ್ರೋನಿನ ಜಿಪಿಎಸ್ ಮೀಟರ್‌ಗಟ್ಟಲೆ ಆಚೀಚೆ ತೋರಿಸಬಲ್ಲದು. ಅದಕ್ಕೇ ಸ್ವಯಂಸೇವಕರು ಹಾರಾಟಕ್ಕೆ ಮುಂಚೆ ಮರಳಿನ ಮೇಲೆ ಅಲ್ಲಲ್ಲಿ ಚೌಕಾಕಾರದ ಗುರುತು ಫಲಕಗಳನ್ನು ಇಡುತ್ತಾರೆ. ಸೌರಶಕ್ತಿಯಿಂದ ನಡೆಯುವ ಈ ಫಲಕಗಳು ತಾವು ಇರುವ ಜಾಗವನ್ನು ಕೆಲವೇ ಸೆಂಟಿಮೀಟರ್ ಅಂತರದೊಳಗೆ ದಾಖಲಿಸುತ್ತವೆ. ನಕ್ಷೆ ನಿಲ್ಲುವುದು ಇವುಗಳ ಆಧಾರದ ಮೇಲೆ. ನನ್ನ ಮಟ್ಟಿಗೆ ಇಡೀ ಯೋಜನೆಯ ಜೀವಾಳ ಡ್ರೋನ್ ಅಲ್ಲ, ಬಿಸಿಲಲ್ಲಿ ನಡೆದು ಈ ಫಲಕ ಇಟ್ಟು ಬರುವ ಕೆಲಸ. ಹೀಗೆ ಸಿಕ್ಕ ಮಾಹಿತಿ ಋತುಮಾನದ ಏರಿಳಿತ ಹಿಡಿಯುವಷ್ಟು ನಿಖರವಾಗಿದೆ ಎಂದು 2021ರಲ್ಲಿ ‘ಸೈಂಟಿಫಿಕ್ ರಿಪೋರ್ಟ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತು.

ಇದರಿಂದ ಉಪಯೋಗ ಏನು ಅಂತ ಕೇಳಬಹುದು. ಅದೇ ರಾಜ್ಯದ ಇನ್ವರ್ಲಾಕ್ ಎಂಬ ಊರಿನಲ್ಲಿ 2012ರಿಂದ ಈಚೆಗೆ ಕೆಲವು ಕಡೆ ಸುಮಾರು 70 ಮೀಟರ್‌ವರೆಗೆ ದಡ ಹಿಂದೆ ಸರಿದಿದೆ. ಇದು ಋತುಮಾನದ ಆಟವಲ್ಲ. ಅಲ್ಲಿ ಕಲ್ಲು ಹಾಕಬೇಕೇ, ಮರಳಚೀಲ ಪೇರಿಸಬೇಕೇ, ಬೇರೆಡೆಯಿಂದ ಮರಳು ತಂದು ದಿಬ್ಬ ಕಟ್ಟಬೇಕೇ, ಕಟ್ಟುವುದಾದರೆ ಎಷ್ಟು ಮರಳು ಎಂಬ ನಿರ್ಧಾರಗಳಿಗೆ ಕೋಟಿಗಟ್ಟಲೆ ಖರ್ಚಿದೆ. ಲೆಕ್ಕವಿಲ್ಲದೆ ಕಲ್ಲು ಸುರಿದರೆ ಅದರ ಪಕ್ಕದ ತೀರಕ್ಕೆ ಹೋಗಬೇಕಿದ್ದ ಮರಳು ತಡೆದುಹೋಗಿ, ಕೊರೆತ ಮುಂದಿನ ಮನೆಯವರ ಅಂಗಳಕ್ಕೆ ವರ್ಗವಾಗುತ್ತದೆ. ಪ್ರತಿ ಮಳೆಗಾಲ ತಡೆಗೋಡೆಗೆ ಬೇಡಿಕೆ ಏಳುವ ನಮ್ಮ ಕರಾವಳಿಗೂ ಈ ಮಾತು ಅನ್ವಯಿಸುತ್ತದೆ.

ಡ್ರೋನಿಗೂ ಮಿತಿ ಇದೆ. ಮೋಡವಿದ್ದರೆ ಪರವಾಗಿಲ್ಲ, ಗಾಳಿಮಳೆ ಇದ್ದರೆ ಹಾರುವುದಿಲ್ಲ. ಕದಡಿದ ನೀರಿನಡಿಯ ಮರಳು ಅದಕ್ಕೆ ಕಾಣುವುದಿಲ್ಲ. ಜುಲೈ ನಕ್ಷೆಯಲ್ಲಿ ಇಲ್ಲವಾದ ಮರಳು ನೂರು ಮೀಟರ್ ಆಚೆ ಸಮುದ್ರದೊಳಗೇ ಇರಬಹುದು.

ಓದಿ ಉತ್ಸಾಹ ಬಂದು ಇವತ್ತೇ ಡ್ರೋನ್ ಎತ್ತಿಕೊಂಡು ಹೊರಡಬೇಡಿ. 2021ರ ಡ್ರೋನ್ ನಿಯಮಗಳ ಪ್ರಕಾರ ‘ಡಿಜಿಟಲ್ ಸ್ಕೈ’ ನಕ್ಷೆಯಲ್ಲಿ ಹಸಿರು, ಹಳದಿ, ಕೆಂಪು ವಲಯಗಳಿವೆ. ಕೆಂಪು, ಹಳದಿಯಲ್ಲಿ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಕಾರವಾರದಲ್ಲಿ ನೌಕಾನೆಲೆ, ಮಂಗಳೂರಿನಲ್ಲಿ ವಿಮಾನ ನಿಲ್ದಾಣ ಇರುವುದು ನೆನಪಿರಲಿ.

ಡ್ರೋನ್ ಇಲ್ಲದಿದ್ದರೂ ಮೊಬೈಲ್ ಸಾಕಾಗುವ ಒಂದು ವಿಧಾನವಿದೆ. 2017ರಲ್ಲಿ ಸಿಡ್ನಿಯಲ್ಲಿ ಶುರುವಾದ ‘ಕೋಸ್ಟ್‌ಸ್ನ್ಯಾಪ್’ ಯೋಜನೆಯಲ್ಲಿ ತೀರದ ಬಳಿ ಒಂದು ಸ್ಟೀಲ್ ಚೌಕಟ್ಟು ನೆಟ್ಟಿರುತ್ತಾರೆ. ದಾರಿಹೋಕರು ಅದರಲ್ಲಿ ಫೋನ್ ಇಟ್ಟು ಒಂದು ಫೋಟೊ ತೆಗೆದು ಕಳಿಸಿದರೆ ಆಯಿತು. ಜಾಗ, ಕೋನ ಎರಡೂ ಬದಲಾಗದ್ದರಿಂದ ಆ ಫೋಟೊಗಳಿಂದಲೇ ದಡದ ಗೆರೆ ಎಳೆಯಬಹುದು. ಫೋಟೊ ತೆಗೆದ ದಿನಾಂಕ ಮತ್ತು ಸಮಯ ಮಾತ್ರ ಇರಲೇಬೇಕು, ಏಕೆಂದರೆ ಉಬ್ಬರ ಇಳಿತಕ್ಕೆ ತಕ್ಕಂತೆ ಒಂದೇ ದಿನದಲ್ಲಿ ದಂಡೆಯ ಅಗಲ ಬೇರೆಯಾಗಿ ಕಾಣುತ್ತದೆ. ಮೊದಲು ಹೇಳಿದ ಫಾರ್ವರ್ಡ್‌ನಲ್ಲಿ ಸಾಮಾನ್ಯವಾಗಿ ಇಲ್ಲದಿರುವುದೂ ಇವೇ ಎರಡು.